ಕಟ್ಟಡಕ್ಕಿಂತ ಮೊದಲು ವೇಳೆಯನ್ನು ಹಂಚಿದೆವು

ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿ ಕಡಲು ಸೇರುವ ಜಾಗಕ್ಕೆ ಹತ್ತಿರದ ನಮ್ಮ ಊರಿನಲ್ಲಿ, ಊರವರೇ ಕಟ್ಟಿ ಊರವರೇ ನಡೆಸುವ, ಕಬಡ್ಡಿ, ವಾಲಿಬಾಲ್ ಆಡಲು ಮಾಡು ಹಾಕಿದ ಆಟದ ಮನೆ ಈಗ ನಾಲ್ಕು ಮಳೆಗಾಲ ಕಂಡಿದೆ. ವರ್ಷದೊಳಗೆ ಅದು ದನ ಕಟ್ಟುವ ಕೊಟ್ಟಿಗೆಯಾಗುತ್ತದೆ ಎಂದು ಸಭೆಯಲ್ಲೇ ಹೇಳಿದವರಿದ್ದರು. ಇಂದು ವಾರಕ್ಕೆ ಸುಮಾರು 110 ಜನ ಅಲ್ಲಿ ಆಡುತ್ತಾರೆ. ಅವರಲ್ಲಿ ಅರ್ಧಕ್ಕೆ ಹತ್ತಿರ ಹೆಂಗಸರು.

ಮೊದಲ ಪ್ರಯತ್ನವನ್ನು ಹೊಳೆ ದಂಡೆಯ ಬಯಲಿನಲ್ಲಿ ಮಾಡಿ ಸೋತೆವು. ಮಣ್ಣು ತುಂಬಿ ಮಟ್ಟ ಮಾಡಿಸಲು 60 ಸಾವಿರದ ಆಸುಪಾಸು ಖರ್ಚಾಯಿತು. ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ವ್ಯಾಪ್ತಿಯ ಆ ಜಾಗಕ್ಕೆ ಅನುಮತಿ ಸಿಗುವುದಿಲ್ಲವೆಂದು ಖಚಿತವಾಗುವಷ್ಟರಲ್ಲಿ ಒಂದೂವರೆ ವರ್ಷ ಕಳೆದು, ಮಣ್ಣು ನೆರೆಯ ಪಾಲಾಗಿತ್ತು. ಕೊನೆಗೆ ಒಂದು ಮನೆಯವರು ಮೇಲಿನ ಬೇಣದ (ಹುಲ್ಲು ಬೆಳೆಯುವ ಜಾಗದ) ಆರು ಗುಂಟೆಯನ್ನು 15 ವರ್ಷಕ್ಕೆ ಬರೆದುಕೊಟ್ಟರು.

ನಮ್ಮ ವಿಧಾನ ರಂಪಣಿಯಿಂದ ಬಂದದ್ದು. ರಂಪಣಿ ಬಲೆ ಎಳೆಯಲು ಇಡೀ ಕೇರಿ ಕೈಹಾಕುತ್ತದೆ, ಮೀನು ಪಾಲಾಗಿ ಹಂಚಿಕೆಯಾಗುತ್ತದೆ. ಅದೇ ರೀತಿ ದುಡಿದ ಮನೆಗೆ ಆಟದ ವೇಳೆಯ ಪಾಲು ಕೊಡೋಣ, ಸದಸ್ಯತ್ವದ ಹಣ ಬೇಡ ಎಂದೆ. ದುಡಿಯಲಾಗದ ವೃದ್ಧರ ಮತ್ತು ಅಂಗವಿಕಲರ ಮನೆಗಳಿಗೂ ಪೂರ್ತಿ ಪಾಲು ಎಂದಾಗ ಗಲಾಟೆಯಾಯಿತು. ಎಲ್ಲಕ್ಕಿಂತ ಹೆಚ್ಚಿನ ಜಗಳ ಸಂಜೆ ಐದರಿಂದ ಏಳರ ವೇಳೆಗಾಗಿ ನಡೆಯಿತು. ಅದನ್ನು ತಮಗೇ ಬಿಡಬೇಕೆಂದು ಹುಡುಗರು ಪಟ್ಟು ಹಿಡಿದರೆ, ಪೇಟೆಯಲ್ಲಿ ಮೀನು ಮಾರಿ ಮಧ್ಯಾಹ್ನ ಮನೆಗೆ ಬರುವ ಹೆಂಗಸರು, ತಮಗೆ ಮೂರರಿಂದ ನಾಲ್ಕೂವರೆ ಸಾಕು, ಆದರೆ ಅದನ್ನು ಒಂದು ದಿನವೂ ಕಿತ್ತುಕೊಳ್ಳಬಾರದು ಎಂದರು. ಎರಡೂ ಕಡೆಯವರನ್ನು ಒಪ್ಪಿಸಿದ ಬಗೆಯನ್ನು ಇಲ್ಲಿ ಬರೆಯಲಾರೆ. ಬರೆದರೆ ಅದು ನಮ್ಮ ಊರಿನಲ್ಲಿ ಮತ್ತೆ ನಡೆಯದು. ವೇಳಾಪಟ್ಟಿಗೆ 90ಕ್ಕೂ ಹೆಚ್ಚು ಮನೆಗಳವರ ಸಹಿಯಾದ ಮೇಲೆಯೇ ಅಡಿಪಾಯ ತೋಡಿದೆವು.

ಮಾಡು ಇಲ್ಲದ ಅಂಗಳ ನಮ್ಮ ಕರಾವಳಿಗೆ ಉಪಯೋಗವಿಲ್ಲ. ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧವಿರುವುದರಿಂದ, ನಮ್ಮ ಗಂಡಸರಿಗೆ ಪೂರ್ತಿ ಬಿಡುವು ಸಿಗುವ 61 ದಿನಗಳು ಮಳೆ ಹೊಡೆಯುವ ದಿನಗಳೇ ಆಗಿರುತ್ತವೆ. ಚಿರೆಕಲ್ಲಿನ ಗಿಡ್ಡ ಗೋಡೆ, ಕಬ್ಬಿಣದ ಕಂಬ, ಮೇಲೆ ತಗಡು ಎಂದು ಲೆಕ್ಕ ಹಾಕಿದೆವು. ಅಗ್ಗವೆಂದು ತೆಳು ತಗಡು ಕೊಂಡದ್ದು ನನ್ನದೇ ತಪ್ಪು. ಉಪ್ಪುಗಾಳಿಗೆ ಎರಡನೆಯ ಮಳೆಗಾಲದಲ್ಲೇ ಮೊಳೆಯ ಸುತ್ತ ತುಕ್ಕು ಹಿಡಿದು, ಬದಲಾಯಿಸಲು ಮತ್ತೆ 85 ಸಾವಿರ ಹೋಯಿತು. ಪಡುಗಾಳಿಗೆ ಅಡ್ಡಲಾಗಿ ಹೊಡೆಯುವ ಇರಿಚಲನ್ನು ಮಾತ್ರ ತೆಂಗಿನ ಮಡಲಿನ ತಟ್ಟಿಗಳು ಖರ್ಚಿಲ್ಲದೆ ತಡೆದವು.

ಇಳಿಜಾರು ದಾರಿಯನ್ನು ಗುತ್ತಿಗೆಗೆ ಕೊಟ್ಟು ಕೆಟ್ಟೆವು. ಒಂದೂವರೆ ಅಡಿ ಎತ್ತರದ ಜಗಲಿಗೆ ಅವರು ಒಂಬತ್ತು ಅಡಿ ಉದ್ದದಲ್ಲಿ ಮುಗಿಸಿದ್ದರು. ಗಾಲಿಕುರ್ಚಿಯಲ್ಲಿ ಬಂದ ಹುಡುಗಿ ಅರ್ಧಕ್ಕೆ ನಿಂತು ಹಿಂದಕ್ಕೆ ಜಾರಿದಳು. ಮರುದಿನವೇ ಒಡೆದೆವು. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಲೆಕ್ಕದಲ್ಲಿ 18 ಅಡಿ ಬೇಕು, ಅಷ್ಟು ನೇರ ಜಾಗವಿರಲಿಲ್ಲ. ಆದ್ದರಿಂದ ನಡುವೆ ಐದು ಅಡಿಯ ಸಮತಟ್ಟು ಬಿಟ್ಟು ಮೂಲೆಯಲ್ಲಿ ತಿರುಗಿಸಿದೆವು. ಈಗ ಆ ಹುಡುಗಿ ಯಾರ ಕೈಯನ್ನೂ ಹಿಡಿಯದೆ ಒಳಗೆ ಬರುತ್ತಾಳೆ. ನಾಲ್ಕು ವರ್ಷದ ಕೆಲಸದಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟದ್ದು ಅದು.

ಅಂಕಣ ಮಣ್ಣಿನದು. ಜರಡಿ ಹಿಡಿದ ಕೆಮ್ಮಣ್ಣು, ಜೇಡಿ, ಭತ್ತದ ಉಮಿ ಬಳಸಿದ್ದೇವೆ. ಪ್ರಮಾಣವನ್ನು ಊರಿಗೆ ಬಂದವರಿಗೆ ಕೈಯಾರೆ ಕಲಸಿ ತೋರಿಸುತ್ತೇನೆ. 13 ಮೀಟರ್ ಉದ್ದ, 10 ಮೀಟರ್ ಅಗಲದ ಗಂಡಸರ ಕಬಡ್ಡಿ ಅಂಕಣದೊಳಗೆ ಹೆಂಗಸರ 12ಕ್ಕೆ 8 ಮೀಟರಿನದು, ಅದರೊಳಗೆ ಕುಳಿತು ಆಡುವ ವಾಲಿಬಾಲ್‌ನ 10ಕ್ಕೆ 6 ಮೀಟರಿನದು ಕೂಡುತ್ತವೆ. ಸುಣ್ಣದ ಗೆರೆ ತೇವಕ್ಕೆ ಅಳಿಸುತ್ತಿದ್ದುದರಿಂದ, ಬಲೆಯ ಸಪೂರ ನೈಲಾನ್ ದಾರವನ್ನು ಗೂಟ ಹೊಡೆದು ನೆಲಕ್ಕೆ ಬಿಗಿದೆವು. ಕಣ್ಣು ಕಾಣದ ಇಬ್ಬರು ಯುವಕರಿಗೆ ಗೆರೆ ಅಂಗಾಲಿಗೆ ತಿಳಿಯತೊಡಗಿತು; ಅದನ್ನು ನಾವು ಯೋಚಿಸಿ ಮಾಡಿರಲಿಲ್ಲ. ಅವರಿಗಾಗಿ ಚೆಂಡಿಗೆ ಯಕ್ಷಗಾನದ ಗೆಜ್ಜೆ ಹೊಲಿದು ನೋಡಿದೆ, ಕೈಗೆ ಗಾಯವಾಯಿತು. ಪ್ಲಾಸ್ಟಿಕ್ ಚೆಂಡನ್ನು ಕೊಯ್ದು ಸೈಕಲ್ ಬೇರಿಂಗಿನ ಗುಂಡುಗಳನ್ನು ಹಾಕಿ ಅಂಟಿಸಿದಾಗ ಸದ್ದು ಸರಿಯಾಗಿ ಬಂತು. ಗುಂಡುಗಳು ಎಷ್ಟಿರಬೇಕೆಂಬುದಕ್ಕೆ ಹನ್ನೊಂದು ಚೆಂಡು ಹಾಳಾದವು.

ಒಟ್ಟು ಖರ್ಚು ಏಳು ಲಕ್ಷದ ಹತ್ತಿರ ಬಂತು. ಗೋವಾದಲ್ಲಿ ಮತ್ತು ಕೊಲ್ಲಿ ದೇಶಗಳಲ್ಲಿ ದುಡಿಯುವ ನಮ್ಮವರು ಅರ್ಧದಷ್ಟು ಕಳಿಸಿದರು, ಉಳಿದದ್ದು ಮನೆಮನೆಯಿಂದ ಬಂದದ್ದು. ಕೂಲಿಯನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ. ಈಗ ತಿಂಗಳಿಗೆ ಮೂರೂವರೆ ಸಾವಿರ ಬೇಕು. ಮದುವೆಗೆ ಬಾಡಿಗೆ ಕೊಟ್ಟರೆ ಅದು ಸುಲಭವಾಗಿ ಬರುತ್ತಿತ್ತು. ಕೊಡಲಿಲ್ಲ, ಏಕೆಂದರೆ ಮೊದಲು ಕಳೆದುಹೋಗುವುದು ಹೆಂಗಸರ ಮಧ್ಯಾಹ್ನದ ವೇಳೆಯೇ ಎಂದು ನನಗೆ ಗೊತ್ತಿತ್ತು. ಅವರು ಕಳೆದ ಜುಲೈನಲ್ಲಿ 1.05 ಮೀಟರ್ ಎತ್ತರಕ್ಕೆ ಬಲೆ ಕಟ್ಟಿಕೊಂಡು ಕುಳಿತು ವಾಲಿಬಾಲ್ ಆಡಿದರು. ಈಗ ಐದು ಗಂಟೆಯವರೆಗೆ ವೇಳೆ ಬೇಕೆಂದು ಬರೆದುಕೊಟ್ಟಿದ್ದಾರೆ, ಮುಂದಿನ ಪಾಲಿನ ಸಭೆಯಲ್ಲಿ ಅದೇ ಮೊದಲ ವಿಷಯ.