ಮೀಟರ್ ಲೀನ್ ಅಂತು, ಪ್ಲಗ್ ಕಪ್ಪಾಗಿತ್ತು

ಹಳೇ ಎಸ್ಟೀಮ್‌ನ 1.3 ಲೀಟರ್ ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಸಣ್ಣ ಟರ್ಬೊ ಕೂರಿಸಿ, ಮ್ಯಾಪ್ (ಯಾವ ವೇಗ, ಒತ್ತಡಕ್ಕೆ ಎಷ್ಟು ಪೆಟ್ರೋಲ್ ಅನ್ನುವ ಪಟ್ಟಿ) ತಿದ್ದಬಹುದಾದ ಇಸಿಯು, ಅಂದರೆ ಎಂಜಿನ್ ಕಂಪ್ಯೂಟರ್, ಹಾಕಿದಾಗ ನಾನು ಮೊದಲು ಕೊಂಡದ್ದು ಬಾಷ್ ಎಲ್‌ಎಸ್‌ಯು 4.9 ವೈಡ್‌ಬ್ಯಾಂಡ್ ಸೆನ್ಸರ್. ಹೊಗೆಯಲ್ಲಿನ ಆಮ್ಲಜನಕ ನೋಡಿ ಅದು ಲ್ಯಾಂಬ್ಡಾ ಹೇಳುತ್ತದೆ: ಗಾಳಿ-ಪೆಟ್ರೋಲ್ ಸರಿಸಮ ಇದ್ದರೆ 1, ಪೆಟ್ರೋಲ್ ಹೆಚ್ಚಿದ್ದರೆ ಕಡಿಮೆ, ಗಾಳಿ ಹೆಚ್ಚಿದ್ದರೆ (ಲೀನ್) ಜಾಸ್ತಿ. ಮಾಮೂಲಿ ನ್ಯಾರೋಬ್ಯಾಂಡ್ ಸೆನ್ಸರ್‌ಗೆ ಲ್ಯಾಂಬ್ಡಾ 1ರ ಆಚೆ ಈಚೆ ಮಾತ್ರ ಗೊತ್ತು. ಅಲ್ಲಿ ಸುಮಾರು 0.45 ವೋಲ್ಟ್, ಸ್ವಲ್ಪ ಸರಿದರೆ ನೆಗೆತ. ಬೂಸ್ಟ್‌ನಲ್ಲಿ, ಅಂದರೆ ಟರ್ಬೊ ಒತ್ತಡ ಕೊಡುವಾಗ, ನನಗೆ ಬೇಕಿದ್ದದ್ದು ಲ್ಯಾಂಬ್ಡಾ 0.80. ಅದು 0.88 ಆಗಿದ್ದರೂ ನ್ಯಾರೋಬ್ಯಾಂಡ್ ನಂಬುವ ಹಾಗೆ ಹೇಳುವುದಿಲ್ಲ, ಪಿಸ್ಟನ್ ಮಾತ್ರ ಬೆಲೆ ತೆರುತ್ತದೆ. ವೈಡ್‌ಬ್ಯಾಂಡ್ ತನ್ನೊಳಗಿನ ಪುಟ್ಟ ಕೋಣೆಗೆ ಆಮ್ಲಜನಕವನ್ನು ಎಳೆದುಕೊಂಡೋ ಹೊರಹಾಕಿಯೋ ಅಲ್ಲಿ ಲ್ಯಾಂಬ್ಡಾ 1 ಕಾಯುತ್ತದೆ. ಅದಕ್ಕೆ ಬೇಕಾದ ಕರೆಂಟ್ ಎಷ್ಟು ಅನ್ನುವುದೇ ಅಳತೆ.

ನಾನು ಲ್ಯಾಂಬ್ಡಾದಲ್ಲೇ ಓದುತ್ತೇನೆ. ಪೂರ್ತಿ ಉರಿಯಲು ತೂಕದಲ್ಲಿ ಒಂದು ಪಾಲು ಶುದ್ಧ ಪೆಟ್ರೋಲ್‌ಗೆ 14.7 ಪಾಲು ಗಾಳಿ ಬೇಕು, ಎಥೆನಾಲ್‌ಗೆ 9. ಬಂಕ್‌ನಲ್ಲಿ ಇ20 (ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲ್) ಬಂದ ಮೇಲೆ 14.7 ಅನ್ನು ಹಿಡಿದು ಕೂತರೆ ಲೆಕ್ಕ ತಪ್ಪುತ್ತದೆ.

ಸೆನ್ಸರನ್ನು ಟರ್ಬೊದಿಂದ ಒಂದು ತೋಳಿನಷ್ಟು ದೂರ, ಹೊಗೆ ಸಾಗುವ ಡೌನ್‌ಪೈಪ್‌ನ ಮೇಲ್ಭಾಗಕ್ಕೆ ಓರೆಯಾಗಿ ವೆಲ್ಡ್ ಮಾಡಿಸಿದೆ. ಪೈಪಿನೊಳಗೆ ಸೇರುವ ನೀರು ಸೆನ್ಸರಿನ ಬಿಸಿ ಸೆರಾಮಿಕ್ ಮೇಲೆ ಬಿದ್ದರೆ ಅದು ಸೀಳುತ್ತದೆ.

ಕಾರನ್ನು ನಿಂತಲ್ಲೇ ಓಡಿಸಿ ಅಳೆಯುವ ಡೈನೋ ಮೇಲೆ 0.6 ಬಾರ್ ಬೂಸ್ಟ್. 5000 ಆರ್‌ಪಿಎಂವರೆಗೆ 0.80 ನಿಂತಿತ್ತು, ಆಮೇಲೆ ಒಮ್ಮೆಗೇ 0.95. ತಕ್ಷಣ ಕಾಲು ತೆಗೆದೆ. ಮ್ಯಾಪ್‌ನ ಆ ಸಾಲಿನಲ್ಲಿ ಐದು ಶೇಕಡಾ ಪೆಟ್ರೋಲ್ ಹೆಚ್ಚಿಸಿದೆ. ಮತ್ತೆ ಅದೇ. ಇನ್ನೂ ಐದು. ಈಗ 0.97. ಪಟಪಟ ಅನ್ನುವ ಸದ್ದೂ ಕೇಳಿಸಿತು.

"ಪೆಟ್ರೋಲ್ ಬಿಡು ಮಾರಾಯ, ಸ್ಪಾರ್ಕ್ ಪ್ಲಗ್ ಬಿಚ್ಚು," ಅಂದ ಲ್ಯಾಪ್‌ಟಾಪ್ ಹಿಡಿದಿದ್ದ ಗೆಳೆಯ.

ಬಿಚ್ಚಿದೆವು. ನಾಲ್ಕೂ ಮಸಿ; ಮೂರನೆಯದು ಒದ್ದೆ, ಪೆಟ್ರೋಲ್ ವಾಸನೆ. ಮಿಕ್ಸ್ಚರ್ ಲೀನ್ ಆಗಿರಲೇ ಇಲ್ಲ! ಬೂಸ್ಟ್ ಏರಿದಂತೆ ಸಿಲಿಂಡರ್ ಒತ್ತಡ ಏರಿ, ಪ್ಲಗ್‌ನ ತುದಿಯ ಒಂದು ಮಿಲಿಮೀಟರ್ ಗ್ಯಾಪ್ ದಾಟಲು ಕಿಡಿಗೆ ಆಗುತ್ತಿರಲಿಲ್ಲ. ಉರಿಯದ ಗಾಳಿ ತನ್ನ ಆಮ್ಲಜನಕದ ಸಮೇತ ಸೆನ್ಸರ್ ಮುಂದೆ ಹಾಯುತ್ತಿತ್ತು, ಅದು ಕಂಡದ್ದನ್ನೇ ಹೇಳುತ್ತಿತ್ತು. ಸೆನ್ಸರ್‌ಗೂ ಮುಂಚೆ ಎಗ್ಸಾಸ್ಟ್ ಗ್ಯಾಸ್ಕೆಟ್ ಸೋರಿದರೂ ಇಂಥದೇ ಸುಳ್ಳು ಲೀನ್ ಬರುತ್ತದೆ, ಐಡಲ್‌ನಲ್ಲಿ ಹೆಚ್ಚು. ಹಾಗಾಗಿ ಅದನ್ನೂ ನೋಡಿದೆ. ಬಿಗಿಯಾಗಿಯೇ ಇತ್ತು.

ಹೊಸ ಪ್ಲಗ್, ಗ್ಯಾಪ್ 0.7 ಮಿಲಿಮೀಟರ್. ಮುಂದಿನ ಓಟದಲ್ಲಿ 0.73, ನಾನು ತುಂಬಿದ್ದ ಪೆಟ್ರೋಲ್ ಅಷ್ಟೂ ಕಂಡಿತು. ಅದನ್ನು ಎರಡು ಸಲಕ್ಕೆ ವಾಪಸ್ ತೆಗೆದೆ. 6000ದವರೆಗೂ 0.80, ಗೆರೆ ಎಳೆದ ಹಾಗೆ.