ಹಾಸಿಗೆ ಹಿಡಿದವರನ್ನು ಮುಂಬಯಿಯ ಸಣ್ಣ ಮನೆಯಲ್ಲಿ ನೋಡಿಕೊಳ್ಳುವ ಬಗೆ

ಮಧ್ಯಾಹ್ನ ಆಸ್ಪತ್ರೆಯಲ್ಲಿ ಡಿಸ್ಚಾರ್ಜ್ ಕಾರ್ಡ್ ಕೈಗೆ ಬರುತ್ತದೆ. ಸಂಜೆಯೊಳಗೆ ಡೊಂಬಿವಲಿಯದೋ ಭಾಂಡೂಪಿನದೋ ಒಂದು ಕೋಣೆ-ಅಡುಗೆಮನೆಯ ಫ್ಲ್ಯಾಟು ವಾರ್ಡ್ ಆಗಬೇಕು. ಅಲ್ಲಿ ಮೂರು ಪಾಳಿಯ ಸಿಸ್ಟರ್‌ಗಳು ಮಾಡುತ್ತಿದ್ದ ಕೆಲಸ ಇಲ್ಲಿ ಮಗ, ಸೊಸೆ, ಬ್ಯೂರೋದಿಂದ (ಆಳು ಕಳಿಸುವ ಏಜೆನ್ಸಿಯಿಂದ) ಬರುವ ಮೌಶಿ, ಅಂದರೆ ರೋಗಿಯನ್ನು ನೋಡಿಕೊಳ್ಳುವ ಹೆಂಗಸು, ಇವರ ನಡುವೆ ಹಂಚಿಹೋಗುತ್ತದೆ. ಹೆಚ್ಚಿನ ಅನಾಹುತಗಳು ಹುಟ್ಟುವುದು ಈ ಹಂಚಿಕೆಯ ಸಂದಿನಲ್ಲೇ: ಇಬ್ಬರೂ ಕೊಟ್ಟ ಮಾತ್ರೆ, ಯಾರೂ ಹೊರಳಿಸದ ಬೆನ್ನು.

ಮೊದಲು ಮಂಚ. ನೆಲದ ಹಾಸಿಗೆಯಲ್ಲಿ ಅಥವಾ ತಗ್ಗಾದ ದಿವಾನದ ಮೇಲೆ ಮಲಗಿಸಿದರೆ ವಾರದೊಳಗೆ ನೋಡಿಕೊಳ್ಳುವವರ ಸೊಂಟ ಹಿಡಿಯುತ್ತದೆ. ನಿಮ್ಮ ಸೊಂಟದೆತ್ತರಕ್ಕೆ ಏರಿಸಬಹುದಾದ, ತಲೆಭಾಗ ಎತ್ತುವ, ಚಕ್ರವಿರುವ ಮಂಚ ಬಾಡಿಗೆಗೆ ಸಿಗುತ್ತದೆ. ಕೋಣೆ ಸಣ್ಣದೆಂದು ಮಂಚದ ಒಂದು ಮಗ್ಗುಲನ್ನು ಗೋಡೆಗೆ ಅಂಟಿಸಿಡುವುದು ಎಲ್ಲರೂ ಮಾಡುವ ತಪ್ಪು. ಆ ಕಡೆಯಿಂದ ಕೈ ಹೋಗುವುದಿಲ್ಲವಾದ್ದರಿಂದ ರೋಗಿ ದಿನವಿಡೀ ಒಂದೇ ಮಗ್ಗುಲಿಗೆ ಬೀಳುತ್ತಾರೆ. ತಲೆಯ ಕಡೆ ಮಾತ್ರ ಗೋಡೆಗೆ ತಾಗಲಿ. ಅಷ್ಟು ಜಾಗವಿಲ್ಲದಿದ್ದರೆ ಹೊರಳಿಸುವ ಹೊತ್ತಿಗೆ ಮಂಚವನ್ನು ಎಳೆದು, ಚಕ್ರಕ್ಕೆ ಲಾಕ್ ಹಾಕಿ ಕೆಲಸ ಮಾಡಿ.

ಕೈ ತೊಳೆಯುವುದು ಸೋಪು-ನೀರಿನಲ್ಲಿ 40ರಿಂದ 60 ಸೆಕೆಂಡು. ಬೆರಳ ಸಂದು, ಹೆಬ್ಬೆರಳು, ಉಗುರ ತುದಿ ಬಿಡಬಾರದು. ನಲ್ಲಿ ಬೆಳಿಗ್ಗೆ ಮಾತ್ರ ಬರುವ ಕಟ್ಟಡದಲ್ಲಿ ಸ್ಯಾನಿಟೈಸರ್ 20ರಿಂದ 30 ಸೆಕೆಂಡು ಉಜ್ಜಿದರೂ ನಡೆಯುತ್ತದೆ. ಆದರೆ ಕೈಗೆ ಕೊಳೆ ಕಾಣುವಾಗ, ರೋಗಿಗೆ ಭೇದಿಯಾಗುತ್ತಿರುವಾಗ ಅದು ಸಾಲದು. ಅದಕ್ಕೆಂದೇ ಒಂದು ಬಕೆಟ್ ನೀರು ಬಚ್ಚಲಲ್ಲಿ ತೆಗೆದಿಡಿ.

ಬೆನ್ನು, ಸೊಂಟ, ಹಿಮ್ಮಡಿ

ಬೆಡ್‌ಸೋರ್, ಅಂದರೆ ಮಲಗಿ ಮಲಗಿ ಬರುವ ಹುಣ್ಣು, ಆಗುವುದು ಮೂಳೆಗೂ ಹಾಸಿಗೆಗೂ ನಡುವೆ ಚರ್ಮ ಸಿಕ್ಕಿ, ಅಲ್ಲಿನ ರಕ್ತದ ಓಟ ನಿಂತಾಗ. ಬೆನ್ನ ಬುಡದ ಮೂಳೆ, ಸೊಂಟದ ಎರಡು ಬದಿ, ಹಿಮ್ಮಡಿ, ಕಾಲ ಗಿಣ್ಣು, ಮೊಣಕೈ, ತಲೆಯ ಹಿಂಭಾಗ ಇವೇ ಅದರ ಜಾಗಗಳು. ದಿನಕ್ಕೆರಡು ಸಲ ಬೆಳಕಿನಲ್ಲಿ ನೋಡಿ. ಕೆಂಪು ಕಂಡಲ್ಲಿ ಬೆರಳಿಂದ ಮೂರು ಸೆಕೆಂಡು ಒತ್ತಿ ಬಿಡಿ. ಬಿಳಿಚಿಕೊಂಡು ಮತ್ತೆ ಕೆಂಪಾದರೆ ಆ ಜಾಗದ ಭಾರ ತೆಗೆದರೆ ಸಾಕು. ಒತ್ತಿದರೂ ಕೆಂಪು ಹಾಗೇ ಇದ್ದರೆ ಒಳಗೆ ಗಾಯ ಶುರುವಾಗಿದೆ ಎಂದರ್ಥ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಎದ್ದು ಕಾಣುವುದಿಲ್ಲ. ನೇರಳೆ ಛಾಯೆ, ಅಕ್ಕಪಕ್ಕದ ಚರ್ಮಕ್ಕಿಂತ ಬಿಸಿ, ಗಟ್ಟಿ ಅಥವಾ ಮೆತ್ತಗಿರುವುದನ್ನು ಕೈಯಲ್ಲಿ ಮುಟ್ಟಿಯೇ ತಿಳಿಯಬೇಕು.

ಕೆಂಪಾದಲ್ಲಿ ತೆಂಗಿನೆಣ್ಣೆ ಹಾಕಿ ಚೆನ್ನಾಗಿ ತಿಕ್ಕುವುದು ನಮ್ಮವರ ಮನೆಗಳಲ್ಲಿ ಬಿಡದ ಅಭ್ಯಾಸ. ಮೊದಲೇ ನಲುಗಿದ ಸಣ್ಣ ರಕ್ತನಾಳಗಳು ಅದರಿಂದ ಇನ್ನಷ್ಟು ಹರಿದುಹೋಗುತ್ತವೆ. ಬೇರೆ ಒಣ ಚರ್ಮಕ್ಕೆ ಹಗುರಾಗಿ ಎಣ್ಣೆ ಸವರಿದರೆ ತೊಂದರೆಯಿಲ್ಲ. ಸೊಂಟದಡಿ ಇಡುವ ರಬ್ಬರ್ ರಿಂಗೂ ಬೇಡ. ನಡುವೆ ಭಾರ ತಪ್ಪಿಸಿದಂತೆ ಕಂಡರೂ ಅದು ಸುತ್ತಲಿನ ಚರ್ಮವನ್ನು ಒತ್ತಿ ರಕ್ತವನ್ನು ತಡೆಯುತ್ತದೆ.

ಎರಡು ಗಂಟೆಗೊಮ್ಮೆ ಹೊರಳಿಸಿ. ಎಡ, ಬೆನ್ನು, ಬಲ ಎಂದು ಸರದಿ ಇರಲಿ. ಹಳೆಯ ಹತ್ತಿ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಭುಜದಿಂದ ತೊಡೆಯ ನಡುವಿನವರೆಗೆ ಬರುವಂತೆ ಅಡಿಯಲ್ಲಿ ಹಾಸಿದರೆ ಆಸ್ಪತ್ರೆಯ ಡ್ರಾ ಶೀಟ್‌ನ (ರೋಗಿಯನ್ನು ಸರಿಸಲು ಅಡಿಯಲ್ಲಿ ಹಾಸುವ ಬಟ್ಟೆಯ) ಕೆಲಸವನ್ನೇ ಮಾಡುತ್ತದೆ. ಇಬ್ಬರಿದ್ದರೆ ಎರಡೂ ಅಂಚನ್ನು ಮೈಗೆ ಹತ್ತಿರವಾಗಿ ಸುರುಳಿ ಸುತ್ತಿ ಹಿಡಿದು, ಎಣಿಸಿ, ಒಟ್ಟಿಗೆ ಎತ್ತಿ ಸರಿಸಬೇಕು. ಎಳೆದರೆ ಚರ್ಮ ಹಾಸಿಗೆಗೆ ಅಂಟಿಕೊಂಡು ಮೂಳೆ ಮಾತ್ರ ಜಾರುತ್ತದೆ, ನಡುವಿನ ಮಾಂಸ ಒಳಗೇ ಹರಿದುಹೋಗುತ್ತದೆ. ಒಬ್ಬರೇ ಇದ್ದರೆ ನಿಮ್ಮಿಂದ ದೂರದ ಮೊಣಕಾಲು ಮಡಚಿ, ದೂರದ ಕೈಯನ್ನು ಎದೆಯ ಮೇಲಿಟ್ಟು, ಭುಜಕ್ಕೂ ಸೊಂಟಕ್ಕೂ ಕೈ ಕೊಟ್ಟು ನಿಮ್ಮ ಕಡೆಗೆ ಹೊರಳಿಸಿ. ಪೂರ್ತಿ ಪಕ್ಕಕ್ಕೆ ಮಲಗಿಸಿದರೆ ಸೊಂಟದ ಮೂಳೆಯ ಮೇಲೇ ಭಾರ ಬೀಳುತ್ತದೆ. ಬೆನ್ನಿಗೆ ದಿಂಬು ಕೊಟ್ಟು ಸುಮಾರು 30 ಡಿಗ್ರಿ ಓರೆಯಾಗಿ ನಿಲ್ಲಿಸಿದರೆ ಸಾಕು. ಮಂಡಿಗಳ ನಡುವೆ ಒಂದು ದಿಂಬು, ಮೀನಖಂಡದ ಅಡಿ ಇನ್ನೊಂದು. ಹಿಮ್ಮಡಿ ಹಾಸಿಗೆಗೆ ತಾಗದೆ ಗಾಳಿಯಲ್ಲಿರಬೇಕು.

ಏರ್ ಬೆಡ್ (ಗಾಳಿಯ ಗುಳ್ಳೆಗಳು ಏರಿಳಿಯುವ ಹಾಸು) ತಂದಮೇಲೆ ಹೊರಳಿಸುವುದನ್ನು ನಿಲ್ಲಿಸುವವರಿದ್ದಾರೆ. ಅದು ಸಹಾಯಕ್ಕಿದೆ, ಬದಲಿಗಲ್ಲ. ಮಾಮೂಲಿ ಹಾಸಿಗೆಯ ಮೇಲೆ ಅದನ್ನು ಹಾಸಿ, ಮೇಲೆ ಒಂದೇ ತೆಳು ಹತ್ತಿ ಚಾದರ ಹೊದೆಸಿ. ನಾಲ್ಕು ಮಡಿಕೆಯ ರಜಾಯಿ ಹಾಕಿದರೆ ಗಾಳಿಯ ಗುಳ್ಳೆ ಏರಿಳಿದದ್ದು ಮೈಗೆ ತಾಕುವುದೇ ಇಲ್ಲ. ಡ್ರಾ ಶೀಟ್ ಸೀರೆಯನ್ನೂ ಹೊರಳಿಸಿದಮೇಲೆ ತೆಗೆದಿಡಿ. ರೋಗಿ ಮಲಗಿರುವಾಗ ಅಂಗೈ ಮೇಲಕ್ಕೆ ಮಾಡಿ ಏರ್ ಬೆಡ್‌ನ ಅಡಿಗೆ, ಸೊಂಟದ ನೇರಕ್ಕೆ ತೂರಿಸಿ ನೋಡಿ. ಮೂಳೆ ಕೈಗೆ ಸಿಕ್ಕಿದರೆ ಗಾಳಿ ಸಾಲದು. ನಡುವೆ ಒಂದು ಇಂಚಾದರೂ ಗಾಳಿ ಇರಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ ಬೇರೆಯೇ ಕಾಟ. ರಬ್ಬರ್ ಶೀಟ್‌ನ ಮೇಲೆ ಬೆವರು ನಿಂತು ಚರ್ಮ ನೆನೆದು ಮೆತ್ತಗಾಗುತ್ತದೆ, ನೆನೆದ ಚರ್ಮ ಬೇಗ ಕೀಳುತ್ತದೆ. ಡಯಾಪರ್ ಅನ್ನು ಮೂರು-ನಾಲ್ಕು ಗಂಟೆಗೊಮ್ಮೆ ನೋಡಿ, ಮಲವಾದ ಕೂಡಲೇ ಬದಲಿಸಿ. ಹೆಂಗಸರಲ್ಲಿ ಮುಂದಿನಿಂದ ಹಿಂದಕ್ಕೇ ಒರೆಸಿ. ಮೆತ್ತಗೆ ಒತ್ತಿ ಒಣಗಿಸಿ, ಪೆಟ್ರೋಲಿಯಂ ಜೆಲ್ಲಿ ಅಥವಾ ಜಿಂಕ್ ಆಕ್ಸೈಡ್ ಮುಲಾಮು ತೆಳುವಾಗಿ ಹಚ್ಚಿ. ಟಾಲ್ಕಂ ಪೌಡರ್ ಬೇಡ. ತೊಡೆಸಂದಿನಲ್ಲಿ ಮುದ್ದೆಗಟ್ಟಿ ಮರಳಿನಂತೆ ಉಜ್ಜುತ್ತದೆ.

ಬಾಯಿಗೆ ಕೊಡುವಾಗ

ಪಾರ್ಶ್ವವಾಯು ಆದವರಿಗೆ ಗಟ್ಟಿ ಊಟಕ್ಕಿಂತ ನೀರೇ ಹೆಚ್ಚು ಅಪಾಯ. ತಿಳಿಸಾರು, ಮಜ್ಜಿಗೆ, ಚಹಾ ಗಂಟಲಲ್ಲಿ ನಿಲ್ಲದೆ ಓಡಿ ಶ್ವಾಸನಾಳಕ್ಕೆ ಇಳಿಯುತ್ತವೆ. ದಪ್ಪ ರಾಗಿ ಅಂಬಲಿ ನಿಧಾನಕ್ಕೆ ಜಾರುವುದರಿಂದ ಎಷ್ಟೋ ವಾಸಿ. ತಿಳಿಸಾರಿನಲ್ಲಿ ಕಲಸಿದ ಅನ್ನ ಎಲ್ಲಕ್ಕಿಂತ ಕಷ್ಟದ್ದು, ಅಗಿಯುವುದೂ ನುಂಗುವುದೂ ಒಟ್ಟಿಗೇ ನಡೆಯಬೇಕು. ಪೂರ್ತಿ ಎಬ್ಬಿಸಿ ಕೂರಿಸಿ, ಗದ್ದ ಎದೆಯ ಕಡೆಗೆ ಸ್ವಲ್ಪ ಬಾಗಿರಲಿ. ಟೀ ಚಮಚೆಯಲ್ಲಿ ಕೊಡಿ. ಒಂದು ತುತ್ತು ಇಳಿದದ್ದನ್ನು ಕಂಡಮೇಲೆ ಇನ್ನೊಂದು. ಪಾರ್ಶ್ವವಾಯು ಬಡಿದ ಕೆನ್ನೆಯೊಳಗೆ ಅನ್ನ ಉಳಿದಿರುತ್ತದೆ, ಬೆರಳಿಗೆ ಗಾಜ್ ಬಟ್ಟೆ ಸುತ್ತಿ ತೆಗೆಯಿರಿ. ಆಮೇಲೂ ಅರ್ಧ ಗಂಟೆ ಕೂತೇ ಇರಲಿ. ಕೆಮ್ಮು, ಒದ್ದೆಯಾದಂತಹ ಗೊರಗೊರ ಸ್ವರ, ಕಣ್ಣಲ್ಲಿ ನೀರು ಕಂಡರೆ ಅಲ್ಲಿಗೇ ನಿಲ್ಲಿಸಿ.

ರೈಲ್ಸ್ ಟ್ಯೂಬ್ (ಮೂಗಿನಿಂದ ಹೊಟ್ಟೆಗೆ ಇಳಿಸಿದ ಊಟದ ಕೊಳವೆ) ಇದ್ದರೆ ಮೂಗಿನ ಬಳಿಯ ಗುರುತು ಜಾಗದಲ್ಲೇ ಇದೆಯೇ ಎಂದು ಪ್ರತಿ ಸಲ ನೋಡಿ. ಆಸ್ಪತ್ರೆಯವರು ತೋರಿಸಿಕೊಟ್ಟಂತೆ ಸಿರಿಂಜಿನಿಂದ ಹಿಂದಕ್ಕೆಳೆದು ಹೊಟ್ಟೆಯ ದ್ರವ ಬರುತ್ತದೆಯೇ ಪರೀಕ್ಷಿಸಿ. ತಲೆಭಾಗ 30ರಿಂದ 45 ಡಿಗ್ರಿ ಎತ್ತಿರಲಿ. ಒಂದು ಸಲಕ್ಕೆ 200ರಿಂದ 250 ಮಿಲಿ, ಡಯಟಿಶಿಯನ್ ಬೇರೆ ಹೇಳಿರದಿದ್ದರೆ. ಸಿರಿಂಜ್ ಎತ್ತಿ ಹಿಡಿದು ತಾನಾಗಿ ಇಳಿಯಲು ಬಿಡಿ, ದೂಡಬೇಡಿ. ಹದಿನೈದು-ಇಪ್ಪತ್ತು ನಿಮಿಷ ಹಿಡಿಯಬೇಕು. ಮೊದಲೂ ಕೊನೆಗೂ 30 ಮಿಲಿ ನೀರು. ಅಂಬಲಿ ಆರಿದಂತೆ ಗಟ್ಟಿಯಾಗಿ ಕೊಳವೆ ಕಟ್ಟುತ್ತದೆ. ತೆಳ್ಳಗೆ ಕಾಸಿ, ಬಟ್ಟೆಯಲ್ಲಿ ಸೋಸಿ. ಟ್ಯೂಬ್ ಕಿತ್ತುಬಂದರೆ ಮನೆಯಲ್ಲಿ ಮರಳಿ ತೂರಿಸಬೇಡಿ.

ಮಾತ್ರೆ ಮತ್ತು ಇನ್ಸುಲಿನ್

ಡಿಸ್ಚಾರ್ಜ್ ಕಾರ್ಡಿನ ಭಾಷೆ ಗೊತ್ತಿರಲಿ. ಓ.ಡಿ. (OD) ಎಂದರೆ ದಿನಕ್ಕೊಂದು ಸಲ, ಬಿ.ಡಿ. (BD) ಎರಡು ಸಲ, ಟಿಡಿಎಸ್ (TDS) ಮೂರು ಸಲ, ಎಚ್‌ಎಸ್ (HS) ಮಲಗುವಾಗ, ಎಸ್‌ಓಎಸ್ (SOS) ಬೇಕಾದಾಗ ಮಾತ್ರ. 1-0-1 ಬೆಳಿಗ್ಗೆ ಮತ್ತು ರಾತ್ರಿ. ದೊಡ್ಡ ಬಲೆ ಹಳೆಯ ಮಾತ್ರೆಗಳದ್ದು: ಮನೆಯ ಡಬ್ಬಿಯಲ್ಲಿರುವುದೂ ಆಸ್ಪತ್ರೆ ಬರೆದದ್ದೂ ಒಂದೇ ಔಷಧಿ, ಬ್ರ್ಯಾಂಡ್ ಮಾತ್ರ ಬೇರೆ. ಸ್ಟ್ರಿಪ್ ಮೇಲೆ ಸಣ್ಣಕ್ಷರದಲ್ಲಿರುವ ಮೂಲ ಹೆಸರನ್ನು ಹೋಲಿಸಿ, ಒಂದೇ ಇದ್ದರೆ ಯಾವುದನ್ನು ಬಿಡಬೇಕೆಂದು ಡಾಕ್ಟರರನ್ನೇ ಕೇಳಿ. ಮೆಥೊಟ್ರೆಕ್ಸೇಟ್ ಇದ್ದರೆ ಇನ್ನೂ ಹುಷಾರು. ಸಂಧಿವಾತಕ್ಕೆ ಅದು ವಾರಕ್ಕೊಮ್ಮೆಯ ಮಾತ್ರೆ. ದಿನಾ ಕೊಟ್ಟರೆ ರಕ್ತಕಣಗಳು ಕುಸಿದು ಪ್ರಾಣಕ್ಕೇ ಸಂಚಕಾರ. ಕೊಡುವ ದಿನದ ಹೆಸರನ್ನು ಸ್ಟ್ರಿಪ್ ಮೇಲೆ ದಪ್ಪಗೆ ಬರೆಯಿರಿ. ಎಸ್‌ಆರ್, ಇಆರ್, ಎಕ್ಸ್‌ಆರ್, ಸಿಆರ್ ಎಂದಿರುವ ಮಾತ್ರೆಗಳನ್ನು ಪುಡಿ ಮಾಡಬೇಡಿ. ದಿನವಿಡೀ ಇಳಿಯಬೇಕಾದದ್ದು ಒಮ್ಮೆಗೇ ಇಳಿಯುತ್ತದೆ.

ಇನ್ಸುಲಿನ್ ವಯಲ್‌ಗಳು (ಸಣ್ಣ ಬಾಟಲಿಗಳು) ನಮ್ಮಲ್ಲಿ ಸಾಮಾನ್ಯವಾಗಿ ಮಿಲಿಗೆ 40 ಯೂನಿಟ್‌ನವು, ಪೆನ್ನಿನ ಕಾರ್ಟ್ರಿಜ್ 100ರದ್ದು. 40ಕ್ಕೆ ಕೆಂಪು ಮುಚ್ಚಳದ ಸಿರಿಂಜ್, 100ಕ್ಕೆ ಕಿತ್ತಳೆ. 40ರ ವಯಲ್‌ನಿಂದ ಕಿತ್ತಳೆ ಸಿರಿಂಜಿನಲ್ಲಿ 20ರ ಗೀಟಿನವರೆಗೆ ಎಳೆದರೆ ಒಳಗೆ ಹೋಗುವುದು 8 ಯೂನಿಟ್ ಅಷ್ಟೇ. ತಿರುಗಾಮುರುಗಾ ಆದರೆ, ಅಂದರೆ 100ರ ಇನ್ಸುಲಿನ್ ಅನ್ನು ಕೆಂಪು ಸಿರಿಂಜಿನಲ್ಲಿ ಅದೇ ಗೀಟಿನವರೆಗೆ ಎಳೆದರೆ, 50! ಮೆಡಿಕಲ್ ಸ್ಟೋರಿನವನು ಕೊಟ್ಟದ್ದನ್ನು ಹಾಗೇ ಚೀಲಕ್ಕೆ ಹಾಕಿಕೊಳ್ಳದೆ ವಯಲ್ ಮತ್ತು ಸಿರಿಂಜಿನ ಅಂಕಿ ಕೂಡುತ್ತದೆಯೇ ನೋಡಿ. ಪೆನ್ನಿನ ಕಾರ್ಟ್ರಿಜ್‌ನಿಂದ ಸಿರಿಂಜಿಗೆ ಎಳೆಯಲೇಬಾರದು. ಹಾಲಿನಂತೆ ಮಂಕಾಗಿರುವ ಮಿಶ್ರ ಇನ್ಸುಲಿನ್ ಅನ್ನು ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಿ ಬೆರೆಸಿ, ಕುಲುಕಬೇಡಿ. ಊಟ ಬೇಡವೆಂದ ದಿನ ಚುಚ್ಚುವ ಮೊದಲೇ ಡಾಕ್ಟರಿಗೆ ಫೋನ್ ಮಾಡಿ. ಬೆವರು, ನಡುಕ, ಅರ್ಥವಿಲ್ಲದ ಮಾತು ಕಂಡು ಗ್ಲುಕೋಮೀಟರ್ 70ಕ್ಕಿಂತ ಕೆಳಗೆ ತೋರಿಸಿದರೆ, ಎಚ್ಚರವಿದ್ದು ನುಂಗಬಲ್ಲವರಿಗೆ ಮೂರು ಟೀ ಚಮಚೆ ಸಕ್ಕರೆ ನೀರಿನಲ್ಲಿ ಕದಡಿ ಕೊಟ್ಟು 15 ನಿಮಿಷದಲ್ಲಿ ಮತ್ತೆ ನೋಡಿ. ದ್ರವ ದಪ್ಪ ಮಾಡಿ ಕೊಡುವವರಿಗೆ ಸಕ್ಕರೆ ನೀರನ್ನೂ ದಪ್ಪ ಮಾಡಿಯೇ ಕೊಡಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಕರೆ ಮಾಡಿ. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕದೆ ದಪ್ಪ ಪ್ಲಾಸ್ಟಿಕ್ ಬಾಟಲಿಗೆ ಬಿಡಿ.

ಮೂತ್ರದ ಕೊಳವೆಗೆ ಜೋಡಿಸಿದ ಯೂರಿನ್ ಬ್ಯಾಗ್ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗೆ, ಆದರೆ ನೆಲಕ್ಕೆ ತಾಗದಂತೆ. ಹೊರಳಿಸುವಾಗ ಅದನ್ನು ಹೊಟ್ಟೆಯ ಮೇಲಿಟ್ಟರೆ ಹಳೆಯ ಮೂತ್ರ ಹಿಂದಕ್ಕೆ ಹರಿದು ಸೋಂಕು ತರುತ್ತದೆ. ಮೂರರಲ್ಲೆರಡು ಭಾಗ ತುಂಬಿದಾಗ ಖಾಲಿ ಮಾಡಿ, ಅಳೆದು ಬರೆಯಿರಿ. 60 ಕಿಲೋ ತೂಕದವರಿಗೆ ಗಂಟೆಗೆ ಸುಮಾರು 30 ಮಿಲಿಗಿಂತ ಕಡಿಮೆಯಾದರೆ ಮೊದಲು ಕೊಳವೆ ಮಡಚಿದೆಯೇ ನೋಡಿ, ಆಮೇಲೆ ಡಾಕ್ಟರನ್ನು ಕೇಳಿ. ವಯಸ್ಸಾದವರಲ್ಲಿ ಸೋಂಕಿಗೆ ಜ್ವರ ಬರಲೇಬೇಕೆಂದಿಲ್ಲ, ಒಮ್ಮೆಗೇ ಮಂಕಾದರೂ ಶಂಕಿಸಬೇಕು.

ಪಾಳಿ ಬದಲಾಗುವಾಗ

ಅಗ್ಗದ ಒಂದು ಪೆನ್ನು, ಒಂದು ನೋಟ್‌ಬುಕ್. ಬೆಳಿಗ್ಗೆ ಎಂಟಕ್ಕೂ ರಾತ್ರಿ ಎಂಟಕ್ಕೂ ಮೌಶಿಯರು ಬದಲಾಗುವಾಗ ಇಬ್ಬರೂ ಮಂಚದ ಪಕ್ಕ ನಿಂತು ಬೆನ್ನು, ಬ್ಯಾಗ್, ಮಾತ್ರೆ ಡಬ್ಬಿ ಒಟ್ಟಿಗೆ ನೋಡಬೇಕು. ಮಳೆಗೆ ಲೋಕಲ್ ರೈಲು ನಿಂತ ದಿನ ಒಬ್ಬರು ಹೋದಮೇಲೆ ಇನ್ನೊಬ್ಬರು ಬರುವುದುಂಟು. ಅಂಥ ದಿನ ಬಾಯಿಮಾತು ಉಳಿಯುವುದಿಲ್ಲ, ಬರಹವೇ ಗತಿ. ಹೀಗಿದ್ದರೆ ಸಾಕು:

6.00 ಎಡ ಮಗ್ಗುಲು. ಬೆನ್ನ ಬುಡ ಕೆಂಪು, ಒತ್ತಿದರೆ ಬಿಳಿ.
8.00 ಬಲ ಮಗ್ಗುಲು. ಸಕ್ಕರೆ 142. ಇನ್ಸುಲಿನ್ 12, ಕೆಂಪು ಸಿರಿಂಜ್. ಮೂತ್ರ 350.
8.30 ಅಂಬಲಿ 200, ಕೆಮ್ಮಿಲ್ಲ. ಬೆಳಗಿನ ಮಾತ್ರೆ ಕೊಟ್ಟಿದೆ.

ಕೊಟ್ಟಮೇಲೆ ಬರೆಯಬೇಕು, ಮೊದಲೇ ಬರೆದಿಟ್ಟ ಸಾಲು ಸುಳ್ಳಾಗುತ್ತದೆ. ಅಂಕಿಗಳನ್ನು 1, 2, 3 ಎಂದೇ ಬರೆಯಿರಿ, ಕನ್ನಡ ಅಂಕಿಯೂ ದೇವನಾಗರಿಯೂ ಬೇಡ. ಮರಾಠಿಯಲ್ಲಿ ಬಾಯಲ್ಲಿ ಹೇಳುವ ಸಾತ್ ಮತ್ತು ಸಾಠ್, ಅಂದರೆ 7 ಮತ್ತು 60, ಫೋನಿನಲ್ಲಿ ಒಂದೇ ಕೇಳಿಸುತ್ತವೆ. ದೀಡ್ ಎಂದರೆ ಒಂದೂವರೆ, ಅಡೀಚ್ ಎಂದರೆ ಎರಡೂವರೆ. ಊರಿನಿಂದ ಹೊಸದಾಗಿ ಬಂದ ಸಂಬಂಧಿಕರಿಗೆ ಇದು ಗೊತ್ತಿರುವುದಿಲ್ಲ.

ಐವತ್ತು ವರ್ಷ ಮುಂಬಯಿಯಲ್ಲಿದ್ದು ಮರಾಠಿ, ಹಿಂದಿ ಸಲೀಸಾಗಿ ಆಡುತ್ತಿದ್ದ ಅಜ್ಜಿ ಪಾರ್ಶ್ವವಾಯುವಾದಮೇಲೆ ಅಥವಾ ಮರೆವು ಹೆಚ್ಚಾದಮೇಲೆ ಕನ್ನಡಕ್ಕೋ ತುಳುವಿಗೋ ಮರಳಿಬಿಡಬಹುದು. ರಾತ್ರಿ ಮೂರಕ್ಕೆ ಅವರು ಉಸಿರು ಕಟ್ಟುತ್ತಿದೆ ಎಂದರೆ ಮೌಶಿಗೆ ಅದು ಬರೀ ಗೊಣಗು. ಮಂಚದ ತಲೆಗೆ ಒಂದು ಹಾಳೆ ಅಂಟಿಸಿ, ಅಜ್ಜಿ ಆಡುವ ಮಾತನ್ನು ಉಚ್ಚಾರಕ್ಕೆ ತಕ್ಕಂತೆ ದೇವನಾಗರಿಯಲ್ಲಿ ಬರೆದು ಪಕ್ಕದಲ್ಲಿ ಮರಾಠಿ ಅರ್ಥ ಕೊಡಿ: ನೋವು – ದುಖತಂ; ಉರಿ – ಜಳಜಳ; ತಲೆ ತಿರುಗುತ್ತದೆ – ಚಕ್ಕರ್; ಉಸಿರು ಕಟ್ಟುತ್ತದೆ – ದಮ್ ಲಾಗತೋ; ಮೂತ್ರ – ಲಘವಿ. ಅಜ್ಜಿ ಮೂತ್ರಕ್ಕೆ ‘ಒಂದಕ್ಕೆ’ ಎನ್ನುವವರಾದರೆ ಹಾಳೆಯಲ್ಲೂ ಅದೇ ಇರಲಿ.

ಎಬ್ಬಿಸುವಾಗ, ಬಿದ್ದಾಗ

ಮಲಗಿದವರನ್ನು ಒಮ್ಮೆಗೇ ನಿಲ್ಲಿಸಿದರೆ ಬಿಪಿ ಇಳಿದು ಕುಸಿಯುತ್ತಾರೆ. ಮಂಚದ ಅಂಚಿಗೆ ಕಾಲಿಳಿಬಿಟ್ಟು ಎರಡು ನಿಮಿಷ ಕೂರಿಸಿ, ತಲೆ ತಿರುಗುತ್ತದೆಯೇ ಕೇಳಿ. ಕುರ್ಚಿ ಬಲವಿರುವ ಮಗ್ಗುಲಿಗಿರಲಿ. ಬಲವಿಲ್ಲದ ಕೈಯನ್ನಾಗಲಿ ಕಂಕುಳನ್ನಾಗಲಿ ಹಿಡಿದೆತ್ತಬೇಡಿ, ಭುಜದ ಕೀಲು ಜಾರುತ್ತದೆ. ಸೊಂಟಕ್ಕೆ ಅಗಲ ಪಟ್ಟಿ ಕಟ್ಟಿ ಅದನ್ನು ಹಿಡಿಯಿರಿ. ಬಿದ್ದರೆ ಗಾಬರಿಯಲ್ಲಿ ಎತ್ತಬೇಡಿ. ಒಂದು ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದ್ದರೆ ಸೊಂಟ ಮುರಿದಿರಬಹುದು, ಅಲ್ಲೇ ದಿಂಬು ಕೊಟ್ಟು ಆಂಬ್ಯುಲೆನ್ಸ್ ಕರೆಸಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರ ತಲೆಗೆ ಪೆಟ್ಟಾದರೆ, ಮಾತಾಡುತ್ತಿದ್ದರೂ, ಆಸ್ಪತ್ರೆಗೆ ಕರೆದೊಯ್ಯಲೇಬೇಕು. ಬಾಯಿ ಒಂದು ಕಡೆಗೆ ಓರೆಯಾಗಿ, ಕೈ ಎತ್ತಲಾಗದೆ, ಮಾತು ತೊದಲಿದರೆ ಕೊನೆಯ ಬಾರಿ ಸರಿಯಿದ್ದದ್ದು ಎಷ್ಟು ಗಂಟೆಗೆ ಎಂದು ಬರೆದುಕೊಳ್ಳಿ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಅಲ್ಲಿಂದ ನಾಲ್ಕೂವರೆ ಗಂಟೆಯಷ್ಟೇ ಅವಕಾಶ.

ಹಳೆಯ ಕಟ್ಟಡಗಳ ಲಿಫ್ಟಿಗೆ ಸ್ಟ್ರೆಚರ್ ಹಿಡಿಯುವುದಿಲ್ಲ, ಚಾಳ್‌ಗಳ (ಸಾಲುಕೋಣೆಗಳ ಹಳೆಯ ಕಟ್ಟಡಗಳ) ಮರದ ಮೆಟ್ಟಿಲಲ್ಲಿ ತಿರುಗುವುದಿಲ್ಲ. ಇದನ್ನು ಟೇಪ್ ಹಿಡಿದು ಇವತ್ತೇ ಅಳೆದು ನೋಡಿ. ಆಗದಿದ್ದರೆ ಹಿಡಿಯಿಲ್ಲದ ಗಟ್ಟಿ ಕುರ್ಚಿಯೊಂದನ್ನೂ ಎದೆಗೆ, ಸೊಂಟಕ್ಕೆ ಕಟ್ಟಲು ಎರಡು ಪಂಚೆಯನ್ನೂ ಬಾಗಿಲ ಹಿಂದೆ ಇಟ್ಟು, ನೆರೆಮನೆಯ ಇಬ್ಬರಿಗೆ ಮೊದಲೇ ಹೇಳಿಡಿ. ಸೊಂಟ ಮುರಿದ ಗುಮಾನಿ ಇದ್ದರೆ ಮಾತ್ರ ಕುರ್ಚಿ ಬೇಡ, ಮಲಗಿಸಿಕೊಂಡೇ ಇಳಿಸಲು ಹೆಚ್ಚು ಕೈಗಳು ಬೇಕು. ಡಿಸ್ಚಾರ್ಜ್ ಕಾರ್ಡ್, ಮಾತ್ರೆಪಟ್ಟಿ ಇರುವ ಚೀಲ ಅದೇ ಕುರ್ಚಿಗೆ ನೇತಾಡಲಿ.