ಕೊಡಗಿನ ಅಕ್ಕಿ ಒಟ್ಟಿ ಪೂರ್ತಿ ಉಬ್ಬಬೇಕಾದರೆ

ಕೊಡಗಿನ ಬೆಳಗಿನ ತಿಂಡಿಯಾದ ಅಕ್ಕಿ ಒಟ್ಟಿ, ಅಂದರೆ ಅಕ್ಕಿ ರೊಟ್ಟಿ, ಮಾಡಲು ಬರೀ ಹಿಟ್ಟು ಸಾಲದು, ಅನ್ನವೂ ಬೇಕು. ಮೆತ್ತಗೆ ಬೆಂದ ಅನ್ನ 1 ಕಪ್, ನುಣ್ಣನೆಯ ಅಕ್ಕಿಹಿಟ್ಟು ಸುಮಾರು 1 ಕಪ್, ರುಚಿಗೆ ಉಪ್ಪು.

ಅನ್ನ ಬಿಸಿಯಿರುವಾಗಲೇ ಅಗುಳು ಕಾಣದಂತೆ ಹಿಚುಕಿ, ಹಿಟ್ಟನ್ನು ಸ್ವಲ್ಪಸ್ವಲ್ಪವೇ ಸೇರಿಸುತ್ತ 10 ನಿಮಿಷ ನಾದಿ. ನೀರು ಹಾಕಬೇಡಿ, ಅನ್ನದ ತೇವವೇ ಸಾಕು; ತೀರಾ ಒಣಗಿದರೆ ಕೈ ಒದ್ದೆ ಮಾಡಿಕೊಳ್ಳಿ. ಒಟ್ಟಿಯ ಜೀವವೆಲ್ಲ ಈ ನಾದುವುದರಲ್ಲೇ ಇದೆ. ಒಂದು ಅಗುಳು ಉಳಿದರೂ ಲಟ್ಟಿಸುವಾಗ ಅಲ್ಲಿ ತೂತು ಬೀಳುತ್ತದೆ, ಹಬೆ ಸೋರಿಹೋಗಿ ಒಟ್ಟಿ ಚಪ್ಪಟೆಯಾಗಿಯೇ ಉಳಿಯುತ್ತದೆ. ಅಂಚು ಬಿರಿದರೆ ಹಿಟ್ಟು ಹೆಚ್ಚಾಗಿದೆ, ಇಲ್ಲವೇ ಉಂಡೆ ಆರಿದೆ.

ತೆಳುವಾಗಿ ಲಟ್ಟಿಸಿ, ಕಾದ ಕಾವಲಿಯಲ್ಲಿ ಎಣ್ಣೆಯಿಲ್ಲದೆ ಎರಡೂ ಬದಿ ಅರೆಬೇಯಿಸಿ, ಕೆಂಡದ ಮೇಲಿಟ್ಟು ಉಬ್ಬಿಸಿ. ಗ್ಯಾಸ್ ಉರಿಯೂ ಆದೀತು. ಕೆಂಡದ ಘಮವೇ ಬೇರೆ. ಜೊತೆಗೆ ಎಳ್ಳು ಪಜ್ಜಿ (ಎಳ್ಳಿನ ಚಟ್ನಿ), ಬೆಣ್ಣೆ, ಜೇನು.